ಡಿ ಡ್ರೈವ್‌ನ ಫೋಟೊಗಳಿಗೆ ಇ ಡ್ರೈವ್‌ನಲ್ಲಿ ಪ್ರತಿ ಇದ್ದರೆ ಸಾಕೇ?

ಸಿಂಧನೂರಿನಿಂದ ನೀವು ಕೇಳಿರುವುದು ಇಷ್ಟು: ಮನೆಯ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ 2006ರಿಂದ ಈಚೆಗಿನ ಸುಮಾರು 38,000 ಫೋಟೊಗಳಿವೆ, ಎಲ್ಲ ಸೇರಿ 260 ಜಿಬಿ, ಅವುಗಳ ಇನ್ನೊಂದು ಪ್ರತಿಯನ್ನು ಇ ಡ್ರೈವ್‌ನಲ್ಲಿ ಇಟ್ಟಿದ್ದೀರಿ, ಗೂಗಲ್‌ನ ಪಿಕಾಸಾ ಎಂಬ ಫೋಟೊ ತಂತ್ರಾಂಶದಲ್ಲಿ ವರ್ಷಗಟ್ಟಲೆ ಕೂತು ಮನೆಮಂದಿಯ ಮುಖಗಳಿಗೆಲ್ಲ ಹೆಸರು ಹಾಕಿದ್ದೀರಿ, ಈಗ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ತಂದಿದ್ದೀರಿ. ಇಷ್ಟಾದರೆ ಫೋಟೊಗಳು ಸುರಕ್ಷಿತವೇ, ಅಥವಾ ಗೂಗಲ್‌ಗೂ ಹಣ ಕಟ್ಟಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಬಳ್ಳಾರಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವವನು. ಕಂಪ್ಯೂಟರ್ ನನ್ನ ವೃತ್ತಿಯಲ್ಲ. ಆದರೆ ಬಹಳ ವರ್ಷಗಳಿಂದ ಕ್ಯಾಮೆರಾ ಹಿಡಿದು ತಿರುಗುವ ಚಟ ಇರುವುದರಿಂದಲೂ, ಈ ವಿಷಯದಲ್ಲಿ ಒಮ್ಮೆ ಸರಿಯಾಗಿ ಪೆಟ್ಟು ತಿಂದಿರುವುದರಿಂದಲೂ ಉತ್ತರಿಸುತ್ತಿದ್ದೇನೆ.

ಮೊದಲು ಇ ಡ್ರೈವ್‌ನ ಮಾತು. ನಮ್ಮ ಕಡೆ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಸಾಮಾನ್ಯವಾಗಿ ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ ಕೊಡುತ್ತಾರೆ. ಹಾಗಿದ್ದಲ್ಲಿ ನಿಮ್ಮ ಎರಡು ಪ್ರತಿಗಳೂ ಒಂದೇ ಯಂತ್ರದ ಮೇಲಿವೆ. ಒಂದೇ ಗೋದಾಮಿನ ನಡುವೆ ಅಡ್ಡಗೋಡೆ ಕಟ್ಟಿ ಅರ್ಧ ಭತ್ತವನ್ನು ಆ ಕಡೆ, ಅರ್ಧವನ್ನು ಈ ಕಡೆ ಇಟ್ಟಂತೆ. ಬೆಂಕಿ ಬಿದ್ದರೆ ಅದು ಗೋಡೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು: ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಕೆಳಗೆ ಡಿಸ್ಕ್ 0, ಡಿಸ್ಕ್ 1 ಎಂದು ಸಾಲುಗಳು ಕಾಣುತ್ತವೆ. ಡಿ ಮತ್ತು ಇ ಒಂದೇ ಸಾಲಿನಲ್ಲಿದ್ದರೆ ಅವು ಒಂದೇ ಡಿಸ್ಕಿನ ಎರಡು ಕೋಣೆಗಳು. ಬೇರೆ ಬೇರೆ ಸಾಲಿನಲ್ಲಿದ್ದರೆ ಸ್ಥಿತಿ ಸ್ವಲ್ಪ ಉತ್ತಮ, ಆದರೆ ಒಂದೇ ಪೆಟ್ಟಿಗೆಯೊಳಗೆ, ಒಂದೇ ವಿದ್ಯುತ್ ಸಂಪರ್ಕದ ಮೇಲೆ ಇರುವ ಎರಡು ಡಿಸ್ಕ್‌ಗಳನ್ನು ಒಂದೇ ಸಿಡಿಲು ಸುಡಬಹುದು, ಒಬ್ಬನೇ ಕಳ್ಳ ಹೊತ್ತೊಯ್ಯಬಹುದು.

ಡಿಸ್ಕ್ ಕೆಡುವುದೊಂದೇ ಭಯವೆಂದು ನಾನೂ ಬಹಳ ಕಾಲ ತಿಳಿದಿದ್ದೆ. ಆ ಭಯದಿಂದ ಎಕ್ಸ್‌ಟರ್ನಲ್ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಜೋಡಿಸಿಟ್ಟು, ಪ್ರತಿ ರಾತ್ರಿ ಹನ್ನೆರಡಕ್ಕೆ ಫೋಟೊ ಫೋಲ್ಡರಿನ ಪಡಿಯಚ್ಚು ಅದರೊಳಗೆ ತಾನಾಗಿ ಮೂಡುವಂತೆ ಮಾಡಿದ್ದೆ. ಒಂದು ವರ್ಷ ನಮ್ಮೂರಿನ ಕನಕ ದುರ್ಗಮ್ಮನ ಸಿಡಿಬಂಡಿ ಉತ್ಸವದ ಫೋಟೊ ತೆಗೆದು, ರಾತ್ರಿ ಹನ್ನೊಂದರ ಸುಮಾರಿಗೆ ಕಾರ್ಡನ್ನು ಖಾಲಿ ಮಾಡುತ್ತಿದ್ದೆ. ಕ್ಯಾಮೆರಾ ಫೋಟೊಗಳಿಗೆ ಕೊಡುವ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಿರಲಿಲ್ಲ. "ವಿಂಗಡಿಸಬೇಕು" ಎಂಬ ಫೋಲ್ಡರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಫೋಟೊಗಳು ಡಿಎಸ್‌ಸಿ_0112ರಿಂದ ಡಿಎಸ್‌ಸಿ_0323ರವರೆಗೆ ವರ್ಷಗಳಿಂದ ಬಿದ್ದಿದ್ದವು. ಸಿಡಿಬಂಡಿಯ ಫೋಟೊಗಳಿಗೂ ಅವೇ ಹೆಸರುಗಳು ಬಂದಿದ್ದವು. ಅದೇ ಹೆಸರಿನ ಫೈಲುಗಳಿವೆ, ಬದಲಾಯಿಸಲೇ ಎಂದು ವಿಂಡೋಸ್ ಕೇಳಿತು. ಅರೆನಿದ್ದೆಯಲ್ಲಿ ಹೂಂ ಎಂದೆ. ಒಂದು ಗಂಟೆಯ ನಂತರ ನನ್ನ ವಿಧೇಯ ಬ್ಯಾಕಪ್ ಎದ್ದು, ಅದೇ ತಪ್ಪನ್ನು ಎರಡನೇ ಡಿಸ್ಕಿನಲ್ಲಿಯೂ ಶ್ರದ್ಧೆಯಿಂದ ನಕಲು ಮಾಡಿತು. ಬೆಳಿಗ್ಗೆ ತೆರೆದರೆ ಧಾರೆಯ ಫೋಟೊ ಇರಬೇಕಾದಲ್ಲಿ ಗುಡಿಯ ಮುಂದಿನ ಜನಜಂಗುಳಿ. 212 ಫೋಟೊಗಳು, ಎರಡು ಡಿಸ್ಕ್‌ಗಳು, ಎರಡರಲ್ಲಿಯೂ ಇಲ್ಲ.

ನಿಮಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದರಲ್ಲಿಯೇ ಇದೆ. ಪಡಿಯಚ್ಚು ಬೇರೆ, ಬ್ಯಾಕಪ್ ಬೇರೆ. ನೀವು ಅಳಿಸಿದ್ದನ್ನು ತಾನೂ ಅಳಿಸುವ, ನೀವು ಕೆಡಿಸಿದ್ದನ್ನು ತಾನೂ ಕೆಡಿಸಿಕೊಳ್ಳುವ ಪ್ರತಿಯು ಡಿಸ್ಕ್ ಸತ್ತಾಗ ಮಾತ್ರ ಕಾಯುತ್ತದೆ, ನಿಮ್ಮ ಕೈಯಿಂದಲೇ ಆಗುವ ಅನಾಹುತದಿಂದ ಕಾಯುವುದಿಲ್ಲ. ಮನೆಯ ಫೋಟೊಗಳ ವಿಷಯದಲ್ಲಿ ಕೈತಪ್ಪಿನಿಂದ ಹೋಗುವುದು ಡಿಸ್ಕ್ ಕೆಟ್ಟು ಹೋಗುವುದಕ್ಕಿಂತ ಕಡಿಮೆಯೇನಲ್ಲ ಎಂಬುದು ನನ್ನ ಅನುಭವ. ಎರಡು ಡಿಸ್ಕ್‌ಗಳನ್ನು ಜೋಡಿಯಾಗಿ ನಡೆಸುವ ರೇಡ್ ವ್ಯವಸ್ಥೆಗೂ ಇದೇ ಮಾತು ಅನ್ವಯಿಸುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೂ ಅಷ್ಟೆ. 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಹಬ್ಬಿದ್ದು ನಿಮಗೆ ನೆನಪಿರಬಹುದು. ಅಂಥವು ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕಿನೊಳಕ್ಕೂ ಇಳಿಯುತ್ತವೆ.

ಛಾಯಾಗ್ರಾಹಕರ ನಡುವೆ ಬಳಕೆಯಲ್ಲಿರುವ ಒಂದು ಲೆಕ್ಕವಿದೆ, ಅದನ್ನು 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಎರಡು ಬಗೆಯ ಸಾಧನ ಎಂಬುದನ್ನು ನಾನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಉಳಿದೆರಡನ್ನು ಬಿಡುವುದಿಲ್ಲ. ನನ್ನ ಮೂಲ ಸಂಗ್ರಹ ಕಂಪ್ಯೂಟರಿನಲ್ಲಿದೆ. ಒಂದು ಡಿಸ್ಕ್ ಮನೆಯ ಅಲಮಾರಿನಲ್ಲಿರುತ್ತದೆ. ತಿಂಗಳಿಗೊಮ್ಮೆ ಮಾತ್ರ ಹೊರತೆಗೆದು ಕಂಪ್ಯೂಟರಿಗೆ ಜೋಡಿಸಿ, ಹೊಸ ಫೋಟೊಗಳನ್ನು ಸೇರಿಸಿ, ಮತ್ತೆ ಬಿಚ್ಚಿಡುತ್ತೇನೆ. ಇನ್ನೊಂದು ಡಿಸ್ಕ್ ಕೊಪ್ಪಳದಲ್ಲಿ ನನ್ನ ತಂಗಿಯ ಮನೆಯಲ್ಲಿದೆ. ಜನವರಿಯಲ್ಲಿ ಗವಿಮಠದ ಅಜ್ಜನ ಜಾತ್ರೆಗೆ ಹೋಗುವಾಗ ಅಲಮಾರಿನ ಡಿಸ್ಕನ್ನು ಒಯ್ದು ಅಲ್ಲಿ ಇಟ್ಟು, ಅಲ್ಲಿದ್ದುದನ್ನು ತರುತ್ತೇನೆ. ದಸರಾ ರಜೆಯಲ್ಲಿ ಅವರು ಬಂದಾಗ ಮತ್ತೆ ಅದಲು ಬದಲು. ಹೀಗಾಗಿ ಕೊಪ್ಪಳದ ಪ್ರತಿ ಸದಾ ಕೆಲವು ತಿಂಗಳು ಹಿಂದೆ ಉಳಿದಿರುತ್ತದೆ. ಅದು ಕೊರತೆಯಲ್ಲ, ಅದೇ ಅದರ ಗುಣ: ನಾನು ಇಂದು ಮಾಡಿದ ತಪ್ಪು ಅಲ್ಲಿಗೆ ತಲುಪಲು ತಿಂಗಳುಗಳು ಬೇಕು, ಅಷ್ಟರಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರುತ್ತದೆ. ಆದ್ದರಿಂದ ನೀವು ಇನ್ನೊಂದು ಡಿಸ್ಕ್ ಕೊಳ್ಳಬೇಕಾಗುತ್ತದೆ. ರಾಯಚೂರಿನಲ್ಲಿಯೋ ಮಾನ್ವಿಯಲ್ಲಿಯೋ ನಿಮ್ಮ ಬೀಗರು, ಸ್ನೇಹಿತರು ಯಾರಾದರೂ ಇದ್ದೇ ಇರುತ್ತಾರೆ. ಪರರ ಕೈಗೆ ಸಿಕ್ಕರೆ ಎಂಬ ಅಳುಕಿದ್ದರೆ ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಿಂದ ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕಬಹುದು, ಆದರೆ ಆ ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತಿದ್ದರೆ ಫೋಟೊಗಳೂ ನಿಮ್ಮೊಬ್ಬರ ಪಾಲಿಗೇ ಉಳಿಯುತ್ತವೆ, ಮನೆಯವರಿಗೂ ತಿಳಿಸಿಡಿ.

ನಕಲು ಮಾಡುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ, ಪಿಕಾಸಾ ಬಳಸಿದವರಿಗೆ ಅದು ಮುಖ್ಯ. ಗೂಗಲ್ 2016ರಲ್ಲಿಯೇ ಪಿಕಾಸಾವನ್ನು ಕೈಬಿಟ್ಟಿತು. ಅದು ನಿಮ್ಮಲ್ಲಿ ಇನ್ನೂ ಓಡುತ್ತಿರಬಹುದು, ಆದರೆ ಮುಂದೆ ಅದಕ್ಕೆ ಯಾರೂ ದಿಕ್ಕಿಲ್ಲ. ನೀವು ಪಿಕಾಸಾದಲ್ಲಿ ಮಾಡಿದ ತಿದ್ದುಪಡಿಗಳ ಹಾಗೂ ಗುರುತಿಸಿದ ಮುಖಗಳ ವಿವರವನ್ನು ಅದು ಪ್ರತಿ ಫೋಲ್ಡರಿನಲ್ಲಿಯೂ ಪಿಕಾಸಾ.ಐಎನ್‌ಐ ಎಂಬ ಅಡಗಿದ ಫೈಲಿನಲ್ಲಿ ಬರೆದಿಡುತ್ತದೆ. ತಿದ್ದಿ ಸೇವ್ ಮಾಡಿದ ಫೋಟೊಗಳ ಮೂಲವನ್ನು ಇನ್ನೊಂದು ಅಡಗಿದ ಫೋಲ್ಡರಿಗೆ ಸರಿಸುತ್ತದೆ. ಫೋಲ್ಡರನ್ನು ತೆರೆದು, ಕಣ್ಣಿಗೆ ಕಾಣುವ ಫೋಟೊಗಳನ್ನೆಲ್ಲ ಆಯ್ದು ನಕಲು ಮಾಡಿದರೆ ಈ ಅಡಗಿದವು ಹಿಂದೆಯೇ ಉಳಿದುಬಿಡುತ್ತವೆ. ಹಾಗಾಗಿ ಒಳಗೆ ಹೋಗದೆ ಹೊರಗಿನಿಂದ ಇಡೀ ಫೋಲ್ಡರನ್ನೇ ನಕಲು ಮಾಡಿ. ಅದಕ್ಕೂ ಮೊದಲು ಪಿಕಾಸಾದ ಆಯ್ಕೆಗಳಲ್ಲಿ ಹೆಸರುಗಳನ್ನು ಫೋಟೊದೊಳಗೇ ಬರೆದಿಡುವ ಸೌಲಭ್ಯವನ್ನು ಹುಡುಕಿ ಬಳಸಿಕೊಳ್ಳಿ. ಫೈಲಿನೊಳಗೆ ಕೂತ ಹೆಸರು ಫೈಲಿನ ಜೊತೆಗೇ ಬರುತ್ತದೆ, ನಾಳೆ ಡಿಜಿಕ್ಯಾಮ್‌ನಂಥ ಬೇರೆ ತಂತ್ರಾಂಶಕ್ಕೆ ಹೋದಾಗ ಓದಲು ಸಿಗುತ್ತದೆ. ನಿಮ್ಮ ಮುತ್ತಜ್ಜಿಯ ಅಕ್ಕ ಯಾರೆಂದು ಹೇಳುವವರು ಮನೆಯಲ್ಲಿ ಎಷ್ಟು ಮಂದಿ ಉಳಿದಿದ್ದಾರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಒಬ್ಬರೇ.

ಫೋಲ್ಡರಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಡಿ, ಉದಾಹರಣೆಗೆ "2013-05-12 ಮದುವೆ ಸಿರುಗುಪ್ಪ". ಆಗ ಅವು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಒಂದು ಸಮಾರಂಭಕ್ಕೆ ಒಂದು ಫೋಲ್ಡರ್ ಎಂದಿದ್ದರೆ ನನಗಾದ ಗತಿ ನಿಮಗಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೊಗಳನ್ನು ಬೇರೆಯೇ ಇಡಿ: ಅವು ಕುಗ್ಗಿದ ಫೋಟೊಗಳು, ತೆಗೆದ ದಿನಾಂಕವೂ ಒಳಗೆ ಉಳಿದಿರುವುದಿಲ್ಲ. ನೆಂಟರಿಂದ ಒಳ್ಳೆಯ ಫೋಟೊ ಬೇಕಾದಾಗ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿದರೆ ಮೂಲ ಫೈಲೇ ಬರುತ್ತದೆ.

ನಕಲು ಮುಗಿಯಿತು ಎಂದು ಪರದೆಯ ಮೇಲೆ ಬಂದ ಮಾತನ್ನು ನಂಬಬೇಡಿ. ನಾನು ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಅದರಲ್ಲಿ ಎರಡೂ ಕಡೆಯ ಫೈಲುಗಳನ್ನು ಬರೀ ಗಾತ್ರ, ದಿನಾಂಕಗಳಿಂದಲ್ಲದೆ ಒಳಗಿನ ಮಾಹಿತಿಯನ್ನೇ ಓದಿ ಹೋಲಿಸುವ ಆಯ್ಕೆ ಇದೆ. ಅಳಿದ ಅಥವಾ ಬದಲಾದ ಫೈಲುಗಳ ಹಳೆಯ ರೂಪವನ್ನು ಎಸೆಯದೆ ಬೇರೊಂದು ಫೋಲ್ಡರಿಗೆ ಸರಿಸಿಡುವ ಆಯ್ಕೆಯೂ ಇದೆ. ಎರಡನೆಯದನ್ನು ಮರೆಯದೆ ಹಾಕಿಕೊಳ್ಳಿ, ಪಡಿಯಚ್ಚು ಮೂಡಿಸುವ ಮಿರರ್ ಎಂಬುದನ್ನು ಮಾತ್ರ ಯೋಚಿಸಿ ಒತ್ತಿ. ನಿಮ್ಮ 260 ಜಿಬಿ ನಕಲಾಗಲು ಯುಎಸ್‌ಬಿ 3 ಕಿಂಡಿಯಲ್ಲಿ, ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ, ಒಂದು ಗಂಟೆಯ ಆಸುಪಾಸು ಸಾಕು. ಹಳೆಯ ಯುಎಸ್‌ಬಿ 2 ಆದರೆ ಎರಡೂವರೆ ಮೂರು ಗಂಟೆ ಬೇಕು. ಹೋಲಿಕೆಗೂ ಹೆಚ್ಚುಕಡಿಮೆ ಅಷ್ಟೇ ಸಮಯ. ಕೊನೆಗೆ ಅಲ್ಲೊಂದು ಇಲ್ಲೊಂದು ವರ್ಷದ ಫೋಲ್ಡರ್ ತೆರೆದು ಫೋಟೊಗಳನ್ನು ಕಣ್ಣಾರೆ ನೋಡಿ. ಸಾಧ್ಯವಾದರೆ ಬೇರೊಂದು ಲ್ಯಾಪ್‌ಟಾಪಿನಲ್ಲಿ ನೋಡಿ. 1 ಟಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿದರೆ ಅಂಗಡಿಯವರು ಮೋಸ ಮಾಡಿದ್ದಾರೆಂದು ಜಗಳಕ್ಕೆ ಹೋಗಬೇಡಿ, ಅದು ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ಅಂತರ. ಆದರೆ ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಮಾರುವವರ ಹತ್ತಿರ ಸುಳಿಯಬೇಡಿ. ಅಂಥವು ಇಲ್ಲದ ಜಾಗವನ್ನು ಇದೆ ಎಂದು ತೋರಿಸಿ, ತುಂಬಿದ ಮೇಲೆ ಬರೆದದ್ದನ್ನೆಲ್ಲ ನುಂಗಿ ಹಾಕುತ್ತವೆ.

ಇನ್ನು ನಮ್ಮ ಸೀಮೆಯ ಬಿಸಿಲು, ಧೂಳು, ಕರೆಂಟು. ಕಳೆದ ಬೇಸಿಗೆಯಲ್ಲಿ ಸಿಪಿಯು ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿದೆ. ಅದಿರು ಲಾರಿಗಳು ಓಡಾಡುವ ಊರಿನ ಕೆಂಪು ಧೂಳು ಫ್ಯಾನಿನ ರೆಕ್ಕೆಗಳ ಮೇಲೆ ಕುಂಕುಮ ಬಳಿದಂತೆ ಕೂತಿತ್ತು, ಡಿಸ್ಕಿನ ಆರೋಗ್ಯ ತಿಳಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಅದರ ತಾಪ 54 ಡಿಗ್ರಿ ತೋರಿಸುತ್ತಿತ್ತು. ಬ್ರಷ್ಷಿನಿಂದ ಗುಡಿಸಿ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದ ಮೇಲೆ 45ಕ್ಕೆ ಇಳಿಯಿತು. ಮೇ ತಿಂಗಳಿನಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುವ ನಮಗೆ ಈ ಒಂಬತ್ತು ಡಿಗ್ರಿ ಸಣ್ಣದಲ್ಲ. ಅದೇ ತಂತ್ರಾಂಶದಲ್ಲಿ ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ, ಡಿಸ್ಕಿನಲ್ಲಿ ಕೆಟ್ಟ ಹಾಗೂ ಕೆಟ್ಟಿರಬಹುದಾದ ಜಾಗಗಳ ಲೆಕ್ಕ ಹೇಳುವ ಎರಡು ಸಾಲುಗಳಿರುತ್ತವೆ. ಅಲ್ಲಿನ ಅಂಕಿ ಸೊನ್ನೆ ಬಿಟ್ಟು ಏರತೊಡಗಿದರೆ ಡಿಸ್ಕ್ ಹೊರಡುವ ಸಿದ್ಧತೆಯಲ್ಲಿದೆ ಎಂದರ್ಥ, ಅಂದೇ ಹೊಸದಕ್ಕೆ ನಕಲು ಮಾಡಿ. ನಕಲು ನಡೆಯುತ್ತಿರುವಾಗ ಕರೆಂಟು ಹೋಗುವುದು ನಮಗೆ ದಿನದ ಮಾತಾದ್ದರಿಂದ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಮಾದರಿಗಳು ಹಲವು, ಹೊಸ ಡಿಸ್ಕ್ ಎಕ್ಸ್‌ಫ್ಯಾಟ್ ಮಾದರಿಯಲ್ಲಿದ್ದರೆ, ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್ ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ: ಎನ್‌ಟಿಎಫ್‌ಎಸ್ ತಾನು ಮಾಡುತ್ತಿರುವ ಬದಲಾವಣೆಗಳ ದಿನಚರಿ ಇಟ್ಟುಕೊಳ್ಳುವುದರಿಂದ ಮಧ್ಯದಲ್ಲಿ ಕರೆಂಟು ಹೋದರೂ ಚೇತರಿಸಿಕೊಳ್ಳುತ್ತದೆ. ಅಲಮಾರಿನಲ್ಲಿಡಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲಿ ಬರೆದಿಡುವ ಡಿಸ್ಕ್, ಬೇಡ. ವಿದ್ಯುತ್ ಇಲ್ಲದೆ ಬಹುಕಾಲ ಬಿದ್ದಿದ್ದರೆ ಅದರೊಳಗಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ.

ಗೂಗಲ್‌ಗೆ ಹಣ ಕಟ್ಟಬೇಕೇ? ಕಟ್ಟಿದರೆ ತಪ್ಪಿಲ್ಲ, ಅದೊಂದನ್ನೇ ನೆಚ್ಚಿದರೆ ತಪ್ಪು. 2021ರ ಜೂನ್‌ನಿಂದ ಅಲ್ಲಿ ಉಚಿತವಾಗಿ ಸಿಗುವುದು ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ ಮಾತ್ರ. ನಿಮ್ಮ ಸಂಗ್ರಹದ ಮೂಲೆಗೂ ಅದು ಸಾಲದು. ಇಡೀ 260 ಜಿಬಿ ಏರಿಸಲು 20 ಎಂಬಿಪಿಎಸ್ ವೇಗ ಸತತವಾಗಿ ಸಿಕ್ಕರೂ ಒಂದು ದಿನಕ್ಕಿಂತ ಹೆಚ್ಚು ಬೇಕು. ಅದಕ್ಕಿಂತ ಮುಖ್ಯವಾಗಿ, ಬ್ಯಾಕಪ್ ಆದ ಫೋಟೊವನ್ನು ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಅಳಿಸಿದರೆ ಅದು ಫೋನಿನಿಂದಲೂ ಗೂಗಲ್‌ನಿಂದಲೂ ಹೋಗುತ್ತದೆ, ಕಸದ ಬುಟ್ಟಿಯಲ್ಲಿ 60 ದಿನ ಮಾತ್ರ ಉಳಿಯುತ್ತದೆ. ಇದೂ ಮತ್ತೆ ಪಡಿಯಚ್ಚೇ. ನಾನು ಫೋನಿನ ಫೋಟೊಗಳಿಗೆ ಮಾತ್ರ ಅದನ್ನು ಬಳಸುತ್ತೇನೆ, ಫೋನ್ ಬಸ್ಸಿನಲ್ಲಿ ಕಳೆದರೆ ಆ ವಾರದ ಫೋಟೊಗಳಾದರೂ ಉಳಿಯಲಿ ಎಂದು.

ಸ್ಟುಡಿಯೋದವರು ಹಿಂದೆ ಕೊಟ್ಟ ಮದುವೆ, ಗೃಹಪ್ರವೇಶದ ಸಿಡಿ, ಡಿವಿಡಿಗಳಿದ್ದರೆ ಅವನ್ನು ಎಲ್ಲಕ್ಕಿಂತ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬರೆಯುವ ಸಿಡಿಯ ಬಣ್ಣದ ಪದರ ಬಿಸಿಲಿಗೂ ಸೆಕೆಗೂ ಮಾಸುತ್ತದೆ, ಇಂದು ಓದುವುದು ಮುಂದಿನ ವರ್ಷ ಓದಲಿಕ್ಕಿಲ್ಲ.

ಕಡೆಯದಾಗಿ, ಹೊಸ ಡಿಸ್ಕ್‌ಗಳು ಸಿದ್ಧವಾದವೆಂದು ಇ ಡ್ರೈವ್‌ನ ಪ್ರತಿಯನ್ನು ಕೂಡಲೇ ಅಳಿಸಬೇಡಿ. ಮೊದಲು ಡಿ ಮತ್ತು ಇ ಎರಡನ್ನೂ ಹೋಲಿಸಿ ನೋಡಿ. ಡಿ ಡ್ರೈವ್‌ನಲ್ಲಿ ನಿಮಗೇ ತಿಳಿಯದೆ ಎಂದೋ ಅಳಿದ ಫೋಟೊಗಳು ಹಳೆಯ ಪ್ರತಿಯಲ್ಲಿ ಉಳಿದಿರಬಹುದು. ನನ್ನ 212 ಫೋಟೊಗಳಲ್ಲಿ 140 ಮರಳಿ ಸಿಕ್ಕಿದ್ದು ಹೀಗೆಯೇ, ಕಾಲೇಜಿನ ಹಳೆಯ ಲ್ಯಾಪ್‌ಟಾಪಿನಲ್ಲಿ ನಾನು ಮರೆತಿದ್ದ ಒಂದು ಫೋಲ್ಡರಿನಿಂದ. ಅದರಲ್ಲಿ ಅರಿಶಿನದ ಶಾಸ್ತ್ರವಿತ್ತು, ಊಟದ ಪಂಕ್ತಿ ಇತ್ತು. ಧಾರೆಯದು ಮಾತ್ರ ಇರಲಿಲ್ಲ.