ವಾನ್ ಡರ್ ಸಾರ್ ಸಿಇಒ ಆಗಿದ್ದು ಬರೀ ಹೆಸರಿನ ಬಲದಿಂದಲಾ?

ನೀವು ಕೇಳಿರೋದು ಮುಖ್ಯವಾಗಿ ಎರಡು ಪ್ರಶ್ನೆ. ಗೋಲ್‌ಕೀಪರ್ ಆಗಿದ್ದ ಎಡ್ವಿನ್ ವಾನ್ ಡರ್ ಸಾರ್ ನೆದರ್‌ಲ್ಯಾಂಡ್ಸ್‌ನ ಅಯಾಕ್ಸ್‌ನಂಥ ಫುಟ್‌ಬಾಲ್ ಕ್ಲಬ್‌ಗೆ ಸಿಇಒ ಆಗಿದ್ದು ಹಳೇ ಹೆಸರಿನ ಬಲದಿಂದಲೇನಾ? ಆಗಿದ್ದು ಆಯ್ತು, ಕೆಲಸ ಚೆನ್ನಾಗಿ ಮಾಡಿದ್ರಾ?

ಹೆಸರಿಲ್ಲದಿದ್ದರೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಅದು ನಿಜ. ಆದರೆ ನೇರವಾಗಿ ದೊಡ್ಡ ಕುರ್ಚಿಗೆ ಬಂದು ಕೂತವರಲ್ಲ. ಎರಡನೇ ಪ್ರಶ್ನೆಗೆ ನನ್ನ ಉತ್ತರ: ಐದು ವರ್ಷ ತುಂಬಾ ಚೆನ್ನಾಗಿ, ಆಮೇಲೆ ಇಲ್ಲ. ಎರಡಕ್ಕೂ ಕಾರಣ ಒಂದೇ ಅನ್ನೋದು ನನ್ನ ಅನಿಸಿಕೆ. ನನ್ನ ಹೊಟ್ಟೆಪಾಡು ಲೆಕ್ಕಪತ್ರದ ಕೆಲಸ. ಅಯಾಕ್ಸ್ 1998ರಿಂದ ಆಮ್‌ಸ್ಟರ್‌ಡ್ಯಾಮ್ ಷೇರುಪೇಟೆಯಲ್ಲಿರುವ ಕಂಪನಿ, ಹಾಗಾಗಿ ಅದರ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದು. ಒಂದೊಂದು ಸಲ ಆಟ ನೋಡೋದಕ್ಕಿಂತ ಅದನ್ನು ಓದೋದೇ ನನಗೆ ಜಾಸ್ತಿ ಮಜಾ.

ಆಟದ ವಿಷಯ ಬೇಗ ಮುಗಿಸಿಬಿಡ್ತೀನಿ, ನಿಮಗೆ ಗೊತ್ತಿರುತ್ತೆ. 1995ರಲ್ಲಿ ವಿಯೆನ್ನಾದಲ್ಲಿ ಮಿಲಾನ್ ತಂಡವನ್ನು 1-0 ಸೋಲಿಸಿ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ) ಗೆದ್ದ ಅಯಾಕ್ಸ್‌ನ ಗೋಲ್‌ಕೀಪರ್ ಅವರು. ಆಮೇಲೆ ಯುವೆಂಟಸ್, ಫುಲ್‌ಹ್ಯಾಮ್, 2005ರಿಂದ ಮ್ಯಾಂಚೆಸ್ಟರ್ ಯುನೈಟೆಡ್. ನೆದರ್‌ಲ್ಯಾಂಡ್ಸ್ ಪರ 130 ಪಂದ್ಯ. 2008–09ರಲ್ಲಿ ಇಂಗ್ಲಿಷ್ ಲೀಗ್‌ನಲ್ಲಿ ಸತತ 1,311 ನಿಮಿಷ ಗೋಲು ಬಿಟ್ಟುಕೊಡಲಿಲ್ಲ. 2008ರಲ್ಲಿ ಮಾಸ್ಕೋದಲ್ಲಿ ಚೆಲ್ಸಿ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಪೆನಾಲ್ಟಿ ಮಾತ್ರ ಒಂದು ಸಲ ಮತ್ತೆ ನೋಡಿ. ಚೆಲ್ಸಿಯವರು ಅಲ್ಲಿವರೆಗೂ ಹೆಚ್ಚಾಗಿ ಒಂದೇ ಕಡೆಗೆ ಒದೆಯುತ್ತಿದ್ದರು. ಅವರ ಆಟಗಾರ ಅನೆಲ್ಕಾ ಚೆಂಡಿನ ಮುಂದೆ ನಿಂತಾಗ ವಾನ್ ಡರ್ ಸಾರ್ ಆ ಕಡೆಗೇ ಕೈ ತೋರಿಸಿದರು, ‘ಇಲ್ಲಿಗೇ ತಾನೇ?’ ಅನ್ನೋ ಹಾಗೆ. ಅನೆಲ್ಕಾ ಇನ್ನೊಂದು ಕಡೆಗೆ ಒದ್ದರು. ಇವರು ಅಲ್ಲಿಗೇ ಹಾರಿ ತಡೆದರು. ಕಪ್ ಯುನೈಟೆಡ್‌ಗೆ ಬಂತು.

ಇಂಥದ್ದನ್ನೆಲ್ಲ ತೋರಿಸಿ ‘ಒತ್ತಡ ತಡೆದುಕೊಳ್ಳೋನು ಕಂಪನಿಯನ್ನೂ ನಡೆಸ್ತಾನೆ’ ಅನ್ನೋರಿದ್ದಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಪೆನಾಲ್ಟಿ ಒಂದು ಕ್ಷಣದಲ್ಲಿ ಮುಗಿಯುತ್ತೆ. ಕ್ಲಬ್ ನಡೆಸುವ ಕೆಲಸದಲ್ಲಿ ಇವತ್ತು ಮಾಡಿದ್ದರ ಫಲ ಮೂರು ವರ್ಷ ಬಿಟ್ಟು ಕಾಣುತ್ತೆ. ಅವರಿಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ನಿವೃತ್ತಿ ಆದಮೇಲಿನ ಐದು ವರ್ಷ.

2011ರಲ್ಲಿ, 40ನೇ ವಯಸ್ಸಿಗೆ ಆಟ ಬಿಟ್ಟರು. ಯೋಹಾನ್ ಕ್ರೈಫ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ರೀಡಾ ಆಡಳಿತ ಓದಿದರು. 2012ರ ನವೆಂಬರ್‌ನಲ್ಲಿ ಅಯಾಕ್ಸ್‌ಗೆ ಮಾರ್ಕೆಟಿಂಗ್ ನಿರ್ದೇಶಕರಾಗಿ ಬಂದರು. ಕ್ಲಬ್ಬನ್ನು ಹಳೇ ಆಟಗಾರರೇ ನಡೆಸಬೇಕು ಅಂತ ಅಯಾಕ್ಸ್‌ನ ಹಳೇ ದಿಗ್ಗಜ ಕ್ರೈಫ್ ಜಗಳ ಮಾಡಿ, ಕೋರ್ಟ್ ಕಟ್ಟೆ ಹತ್ತಿದ್ದ ಕಾಲ ಅದು. 1995ರ ತಂಡದ ಜೊತೆಗಾರ ಮಾರ್ಕ್ ಓವರ್‌ಮಾರ್ಸ್ ಅದೇ ವರ್ಷ ಆಟಗಾರರನ್ನು ಕೊಳ್ಳುವ, ಮಾರುವ ಜವಾಬ್ದಾರಿಗೆ ಬಂದರು. ವಾನ್ ಡರ್ ಸಾರ್ ಪಾಲಿಗೆ ಬಂದಿದ್ದು ಪ್ರಾಯೋಜಕರು, ಟಿಕೆಟ್, ಜರ್ಸಿ ವ್ಯಾಪಾರ. ಮೇಲ್ನೋಟಕ್ಕೆ ಸಪ್ಪೆ ಕೆಲಸ. ಆದರೆ ಕ್ಲಬ್‌ಗೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸೋರುತ್ತೆ ಅಂತ ಕಲಿಯೋದಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಾಲ್ಕು ವರ್ಷ ಅಲ್ಲೇ ಇದ್ದು, 2016ರ ನವೆಂಬರ್‌ನಲ್ಲಿ ಸಿಇಒ ಆದರು.

ಅದೇ 2016ರ ಮಾರ್ಚ್‌ನಲ್ಲಿ ಅವರು ಬಾಲ್ಯದಲ್ಲಿ ಆಡಿದ್ದ ನೂರ್ಡ್‌ವೈಕ್ ಅನ್ನೋ ಹವ್ಯಾಸಿ ತಂಡದ ಗೋಲ್‌ಕೀಪರ್‌ಗೆ ಗಾಯ ಆಯ್ತು. ಇವರೇ ಹೋಗಿ ಒಂದು ಪಂದ್ಯಕ್ಕೆ ನಿಂತರು. ಒಂದು ಪೆನಾಲ್ಟಿಯನ್ನೂ ತಡೆದರು! ಮಾರ್ಕೆಟಿಂಗ್ ನಿರ್ದೇಶಕರಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ.

ಈಗ ಅಸಲಿ ವಿಷಯ. ಡಚ್ ಲೀಗ್‌ನಲ್ಲಿ ಟಿವಿ ಹಣ ಇಂಗ್ಲೆಂಡ್‌ಗೆ ಹೋಲಿಸಿದರೆ ಏನೇನೂ ಅಲ್ಲ. ಅಯಾಕ್ಸ್ ಬದುಕೋದು ಎರಡರ ಮೇಲೆ: ಚಾಂಪಿಯನ್ಸ್ ಲೀಗ್‌ಗೆ ಹೋಗೋದು, ಬೆಳೆಸಿದ ಹುಡುಗರನ್ನು ಒಳ್ಳೆ ಬೆಲೆಗೆ ಮಾರೋದು. ಹುಡುಗರನ್ನೇ ನಂಬಿದರೆ ಯುರೋಪಿನಲ್ಲಿ ಸೋಲ್ತೀವಿ, ಅಲ್ಲಿ ಸೋತರೆ ಹುಡುಗರಿಗೂ ಬೆಲೆ ಬರಲ್ಲ. 2018ರಲ್ಲಿ ವಾನ್ ಡರ್ ಸಾರ್ ಮತ್ತು ಓವರ್‌ಮಾರ್ಸ್ ಕೈ ಸ್ವಲ್ಪ ಸಡಿಲ ಮಾಡಿದರು. ಸಂಬಳದ ಮಿತಿ ಏರಿಸಿ, ದುಶಾನ್ ಟಾಡಿಚ್ ಮತ್ತು ಡೇಲಿ ಬ್ಲಿಂಡ್ ಇಬ್ಬರನ್ನೂ ಇಂಗ್ಲೆಂಡ್‌ನಿಂದ ಕರೆತಂದರು. ಮಾರಿದರೆ ಲಾಭ ಬರುವ ವಯಸ್ಸಿನವರಲ್ಲ. ಲೆಕ್ಕದ ಕಣ್ಣಲ್ಲಿ ಬರೀ ಖರ್ಚು ಅನ್ನಿಸುತ್ತೆ. ಆದರೆ ಮರು ವರ್ಷವೇ ಚಾಂಪಿಯನ್ಸ್ ಲೀಗ್‌ನಲ್ಲಿ ತಂಡ ಮ್ಯಾಡ್ರಿಡ್‌ನಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು 4-1, ಟ್ಯೂರಿನ್‌ನಲ್ಲಿ ಯುವೆಂಟಸ್ಸನ್ನು 2-1 ಸೋಲಿಸಿತು. ಸೆಮಿಫೈನಲ್‌ನಲ್ಲಿ ಕೊನೇ ಗಳಿಗೆಯಲ್ಲಿ ಲೂಕಸ್ ಮೌರಾ ಹೊಡೆದ ಗೋಲಿಗೆ ಟೋಟನ್‌ಹ್ಯಾಮ್ ಮುಂದೆ ಎಡವಿತು. ಆ ರಾತ್ರಿಯ ಬಗ್ಗೆ ಬರೆಯೋದಿಲ್ಲ, ಈಗಲೂ ಹೊಟ್ಟೆ ಉರಿಯುತ್ತೆ. ಆ ಬೇಸಿಗೆಯಲ್ಲಿ ಕ್ಲಬ್‌ನ ಯುವ ಆಟಗಾರರಾದ ಡಿ ಯಾಂಗ್ ಬಾರ್ಸಿಲೋನಾಗೆ, ಡಿ ಲಿಖ್ಟ್ ಯುವೆಂಟಸ್‌ಗೆ ಹೋದರು, ತಲಾ 75 ಮಿಲಿಯನ್ ಯೂರೋಗೆ. 2019, 2021, 2022ರಲ್ಲಿ ಲೀಗ್ ಪ್ರಶಸ್ತಿಯೂ ಬಂತು.

ಸಿಇಒ ಅಂದ್ರೆ ಇಷ್ಟೇ ಅಲ್ಲ. 2017ರ ಜುಲೈನಲ್ಲಿ ಅಬ್ದೆಲ್‌ಹಕ್ ನೌರಿ ಅನ್ನೋ 20 ವರ್ಷದ ಹುಡುಗ ಸೌಹಾರ್ದ ಪಂದ್ಯದಲ್ಲಿ ಮೈದಾನದಲ್ಲೇ ಕುಸಿದು, ಮಿದುಳಿಗೆ ಶಾಶ್ವತ ಹಾನಿ ಆಯ್ತು. ಮರು ವರ್ಷ ವಾನ್ ಡರ್ ಸಾರ್ ಮಾಧ್ಯಮದ ಮುಂದೆ ಕೂತು, ಮೈದಾನದಲ್ಲಿ ಕೊಟ್ಟ ಚಿಕಿತ್ಸೆ ಸಾಲದಾಗಿತ್ತು, ಹೊಣೆ ಕ್ಲಬ್‌ನದ್ದೇ ಅಂತ ಒಪ್ಪಿಕೊಂಡರು. ಒಂದು ವರ್ಷ ತಡ ಆಯ್ತು ಅನ್ನಬಹುದು, ನಾನೂ ಅಂತೀನಿ. ಆದರೂ ಷೇರುಪೇಟೆಯಲ್ಲಿರುವ ಕಂಪನಿಯ ಮುಖ್ಯಸ್ಥ ಹಾಗೆ ಬಾಯಿಬಿಟ್ಟು ಹೇಳೋದು ಸಣ್ಣ ಮಾತಲ್ಲ. 2022ರಲ್ಲಿ ಕುಟುಂಬಕ್ಕೆ 7.85 ಮಿಲಿಯನ್ ಯೂರೋ ಪರಿಹಾರ ಕೊಡಲು ಒಪ್ಪಂದ ಆಯ್ತು.

2021ರದ್ದು ಇನ್ನೊಂದು ಬಗೆ. ಕೊರೊನಾದಿಂದ ಪ್ರೇಕ್ಷಕರಿಗೆ ಕ್ರೀಡಾಂಗಣ ಮುಚ್ಚಿತ್ತು. ಲೀಗ್ ಗೆದ್ದ ಮೇಲೆ ಟ್ರೋಫಿಯನ್ನೇ ಕರಗಿಸಿ, 42,000 ಸೀಸನ್ ಕಾರ್ಡ್‌ದಾರರಿಗೆ (ಇಡೀ ಋತುವಿನ ಟಿಕೆಟ್ ಕೊಂಡವರಿಗೆ) ಒಂದೊಂದು ಪುಟ್ಟ ನಕ್ಷತ್ರ ಮಾಡಿ ಕಳಿಸಿದರು. ಒಂದು ನಕ್ಷತ್ರದ ತೂಕ 3.45 ಗ್ರಾಂ, ಅದರಲ್ಲಿ ಟ್ರೋಫಿಯ ಬೆಳ್ಳಿ ಬರೀ 0.06 ಗ್ರಾಂ. ಅಷ್ಟು ಸಾಕಲ್ವಾ? ಆಟ ನೋಡದೆ ದುಡ್ಡು ಕಟ್ಟಿದವರಿಗೆ ಅದೇ ಟ್ರೋಫಿ. ಮಾರ್ಕೆಟಿಂಗ್‌ನಲ್ಲಿ ಕಳೆದ ವರ್ಷಗಳು ಸುಮ್ನೆ ಹೋಗಿಲ್ಲ ಅಂತ ನನಗೆ ಅನ್ನಿಸಿದ್ದು ಆಗ.

ಕುಸಿತ ಶುರುವಾಗಿದ್ದು 2022ರ ಫೆಬ್ರವರಿಯಲ್ಲಿ. ಓವರ್‌ಮಾರ್ಸ್ ಹಲವು ಮಹಿಳಾ ಸಹೋದ್ಯೋಗಿಗಳಿಗೆ ಅನುಚಿತ ಸಂದೇಶ ಕಳಿಸಿದ್ದು ಹೊರಬಂತು. ಅವರು ಕ್ಷಮೆ ಕೇಳಿ ಹೊರಟರು. ಸಂದೇಶಗಳು ಹೋಗುತ್ತಿದ್ದದ್ದು ವಾನ್ ಡರ್ ಸಾರ್ ಮುಖ್ಯಸ್ಥರಾಗಿದ್ದ ಕಚೇರಿಯೊಳಗೇ. ಹಾಗಾಗಿ ‘ನಿಮಗೇಕೆ ಗೊತ್ತಾಗಲಿಲ್ಲ?’ ಅನ್ನೋ ಪ್ರಶ್ನೆ ವಾನ್ ಡರ್ ಸಾರ್‌ಗೂ ಬಂತು, ಬರಬೇಕಾದ್ದೇ. ಇನ್ನು ಆಟದ ಕಡೆ: ಹತ್ತು ವರ್ಷ ಕೊಳ್ಳೋದು, ಮಾರೋದು ಎಲ್ಲ ಓವರ್‌ಮಾರ್ಸ್ ಒಬ್ಬರ ಕೈಯಲ್ಲಿತ್ತು. ಅವರು ಹೋದಮೇಲೆ ಆ ಜಾಗಕ್ಕೆ ಅಂಥ ಕೈ ಸಿಗಲಿಲ್ಲ. ಕೋಚ್ ಟೆನ್ ಹಾಗ್ ಯುನೈಟೆಡ್‌ಗೆ ಹೊರಟರು. ಹಿಂದೆಯೇ ಆಟಗಾರರಾದ ಲಿಸಾಂಡ್ರೋ ಮಾರ್ಟಿನೆಜ್, ಆಂಟನಿ ಹೋದರು. ಆಂಟನಿ ಒಬ್ಬರಿಗೇ 95 ಮಿಲಿಯನ್ ಯೂರೋ ಬಂತು. ಖಜಾನೆ ತುಂಬಿತ್ತು, ತಂಡ ಸೊರಗಿತ್ತು. ಹೊಸ ಕೋಚ್ ಶ್ರೂಡರ್‌ರನ್ನು 2023ರ ಜನವರಿಯಲ್ಲಿ ತೆಗೆದರು, ತಂಡ ಮೂರನೇ ಸ್ಥಾನಕ್ಕೆ ಇಳಿಯಿತು. ಮೇ 30ರಂದು ವಾನ್ ಡರ್ ಸಾರ್ ರಾಜೀನಾಮೆ ಪ್ರಕಟಿಸಿದರು. ಜುಲೈನಲ್ಲಿ ಕ್ರೊಯೇಷಿಯಾದಲ್ಲಿ ರಜೆಯಲ್ಲಿದ್ದಾಗ ಮಿದುಳಿನಲ್ಲಿ ರಕ್ತಸ್ರಾವ ಆಯ್ತು. ಪುಣ್ಯಕ್ಕೆ ಚೇತರಿಸಿಕೊಂಡರು.

ಆ ಒಂದೇ ಕಾರಣ ಅಂದೆನಲ್ಲ, ಅದು ಇದು. ಆಟದ ವ್ಯವಹಾರವನ್ನು ಗೊತ್ತಿದ್ದವನ ಕೈಗೆ ಬಿಟ್ಟು, ತಾವು ಉಳಿದದ್ದು ನೋಡಿಕೊಂಡರು. ಅದರಿಂದ ಗೆದ್ದರು. ಆ ಒಬ್ಬರು ಇಲ್ಲದಿದ್ದರೆ ಏನು ಅನ್ನೋದಕ್ಕೆ ತಯಾರಿ ಮಾಡಿರಲಿಲ್ಲ, ಅವರ ಮೇಲೆ ಕಣ್ಣೂ ಇಟ್ಟಿರಲಿಲ್ಲ. ಅದರಿಂದಲೇ ಬಿದ್ದರು.

ಆಲಿವರ್ ಕಾನ್ ಜೊತೆ ಹೋಲಿಸಿ ಅಂತಲೂ ಕೇಳಿದ್ದೀರಿ. ಅವರೂ ಜರ್ಮನಿಯ ಹಳೇ ಗೋಲ್‌ಕೀಪರ್, ಎಂಬಿಎ ಮಾಡಿದವರು. 2020ರ ಜನವರಿಯಲ್ಲಿ ಬಯರ್ನ್ ಮ್ಯೂನಿಕ್ ಆಡಳಿತ ಮಂಡಳಿಗೆ ಬಂದು, 2021ರ ಜುಲೈನಲ್ಲಿ ಸಿಇಒ ಆದರು. 2023ರ ಮೇ 27ರಂದು, ತಂಡ ಲೀಗ್ ಗೆದ್ದ ದಿನವೇ, ಅವರನ್ನು ತೆಗೆದ ಸುದ್ದಿ ಬಂತು. ವಾನ್ ಡರ್ ಸಾರ್ ರಾಜೀನಾಮೆಗೆ ಮೂರು ದಿನ ಮುಂಚೆ. ಕಾನ್‌ಗೆ ಸಿಕ್ಕಿದ್ದು ಎರಡು ವರ್ಷಕ್ಕಿಂತ ಕಡಿಮೆ. ಅದೂ ಬಯರ್ನ್ ಕ್ಲಬ್ಬನ್ನು ಹಿಂದೆ ನಡೆಸಿದ್ದ ಹೋನೆಸ್, ರುಮೆನಿಗ್ಗೆಯಂಥ ಹಳೇ ಹುಲಿಗಳು ಹಿಂದಿನಿಂದ ನೋಡುತ್ತಿರುವಾಗ. ಹಾಗಾಗಿ ಅವರಿಗೆ ನಾನು ಅಂಕ ಕೊಡೋಕೆ ಹೋಗಲ್ಲ. ವಾನ್ ಡರ್ ಸಾರ್‌ಗೆ ಹತ್ತಕ್ಕೆ ಏಳು.