ಗೈರುಹಾಜರಿ, ತಟಸ್ಥ, ವೀಟೋ: ಎಂ.ಎ. ಪ್ರಬಂಧಕ್ಕೆ ಸಾಕಾ?

ಭದ್ರತಾ ಮಂಡಳಿಯ ನಿರ್ಣಯಕ್ಕೆ ಐದೂ ಖಾಯಂ ಸದಸ್ಯರು (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಒಪ್ಪಬೇಕು ಅಂತ ವಿಶ್ವಸಂಸ್ಥೆಯ ಸನ್ನದಿನಲ್ಲಿದೆ, ಆದರೆ ಚೀನಾ ತಟಸ್ಥವಾಗಿದ್ದರೂ ನಿರ್ಣಯ ಪಾಸಾಗುತ್ತೆ, ಇದು ಹೇಗೆ ಅಂತ ಕೇಳಿದ್ದೀರಿ. ಒಳ್ಳೇ ಪ್ರಶ್ನೆ. ಪ್ರಬಂಧಕ್ಕೆ ಧಾರಾಳವಾಗಿ ಸಾಕು.

ಸನ್ನದಿನ 27ನೇ ವಿಧಿಯ ಮಾತು ನೀವು ಓದಿದ ಹಾಗೇ ಇದೆ. ಬೇರೆಯಾಗಿರೋದು ರೂಢಿ. ಮೊದಲಿನಿಂದಲೂ ಭದ್ರತಾ ಮಂಡಳಿ ತಟಸ್ಥ ಮತವನ್ನು ವೀಟೋ, ಅಂದರೆ ನಿರ್ಣಯವನ್ನೇ ತಡೆಯುವ ಖಾಯಂ ಸದಸ್ಯರ ವಿರೋಧ ಮತ, ಎಂದು ಎಣಿಸಲಿಲ್ಲ. 1950ರಲ್ಲಿ ಸೋವಿಯತ್ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ, ಕೊರಿಯಾ ನಿರ್ಣಯಗಳು ಪಾಸಾದವು. ಆದರೆ ಅದು ಗೈರುಹಾಜರಿ, ಅಂದರೆ ಸಭೆಗೇ ಬಾರದಿರೋದು; ತಟಸ್ಥ ಅಂದರೆ ಸಭೆಯಲ್ಲಿದ್ದೂ ಪರವೂ ಇಲ್ಲ, ವಿರೋಧವೂ ಇಲ್ಲ ಅನ್ನೋದು. ಇವೆರಡನ್ನೂ ಕಲಸಬೇಡಿ. ನಾನು ವಿದ್ಯಾರ್ಥಿಯಾಗಿದ್ದಾಗ ಕಲಸಿ ಬೈಸಿಕೊಂಡಿದ್ದೆ!

ತಟಸ್ಥ ಮತ ವೀಟೋ ಅಲ್ಲ ಅನ್ನೋ ರೂಢಿಗೆ ಕಾನೂನಿನ ಮುದ್ರೆ ಬಿದ್ದದ್ದು 1971ರಲ್ಲಿ, ನಮೀಬಿಯಾ ವಿಚಾರದಲ್ಲಿ. ಖಾಯಂ ಸದಸ್ಯರು ತಟಸ್ಥರಾಗಿದ್ದರು, ಹಾಗಾಗಿ ಆ ವಿಚಾರವನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ಭದ್ರತಾ ಮಂಡಳಿಯ ನಿರ್ಣಯ ಸಿಂಧುವಲ್ಲ ಅಂತ ದಕ್ಷಿಣ ಆಫ್ರಿಕಾ ವಾದಿಸಿತು. ಅಂತರರಾಷ್ಟ್ರೀಯ ನ್ಯಾಯಾಲಯ ಒಪ್ಪಲಿಲ್ಲ. ಸದಸ್ಯರೆಲ್ಲ ಒಪ್ಪಿಕೊಂಡು ಬಂದ ರೂಢಿ ಇದು ಎಂದಿತು. ನ್ಯಾಯಾಲಯದ ಈ ಸಲಹಾ ಅಭಿಪ್ರಾಯವನ್ನೇ ಮೊದಲು ಓದಿ, ಸಿದ್ಧಾಂತದ ಪುಸ್ತಕಗಳು ಆಮೇಲೆ.

ಉದಾಹರಣೆಗೆ 2011ರ ಲಿಬಿಯಾ ನಿರ್ಣಯ ತಗೊಳ್ಳಿ, ಸಂಖ್ಯೆ 1973. ಪರ 10, ತಟಸ್ಥ 5. ಆ ಐದರಲ್ಲಿ ರಷ್ಯಾ, ಚೀನಾ ಜೊತೆ ನಮ್ಮ ಭಾರತವೂ ಇತ್ತು. ಯಾಕೆ ತಟಸ್ಥ ಅಂತ ಆಯಾ ದೇಶದವರು ಸಭೆಯಲ್ಲೇ ಹೇಳಿದ್ದಾರೆ. ಆ ನಡಾವಳಿ ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ. ಸುಮ್ನೆ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಡಿ.

ಪಿಜಿಯಲ್ಲಿ ಗಲಾಟೆ ಜಾಸ್ತಿ ಅಂದ್ರಲ್ಲ, ವಿಜಯನಗರದಿಂದ ನೇರಳೆ ಮೆಟ್ರೋ ಹಿಡಿದು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂತು ಓದಿ.