ಎಲೆ ಕೆಂಪಾಗುವ ಹೊತ್ತಿಗೆ ಜಪಾನ್: ಸಣ್ಣ ಗುಂಪಿನ ಪ್ರವಾಸದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಜಪಾನಿನ ಶರತ್ಕಾಲದ ಬಗ್ಗೆಯೇ ಇದ್ದವು. ಸಣ್ಣ ಗುಂಪುಗಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನ ಕಸುಬು. ಹಾಗಾಗಿ ಉತ್ತರಗಳಲ್ಲಿ ಅನುಭವದ ಜೊತೆಗೆ ಒಂದಿಷ್ಟು ಹಟವೂ ಸೇರಿಕೊಂಡಿದೆ, ಸಹಿಸಿಕೊಳ್ಳಿ.

ಪ್ರಶ್ನೆ: ಎರಡು ಸಂಸ್ಥೆಗಳ ಪ್ಯಾಕೇಜ್ ನೋಡಿದ್ದೇವೆ. ಎರಡಕ್ಕೂ ‘ಶರತ್ಕಾಲದ ಜಪಾನ್’ ಎಂದೇ ಹೆಸರು. ಒಂದು ಅಕ್ಟೋಬರ್ 10ಕ್ಕೆ ಹೊರಡುತ್ತದೆ, ಇನ್ನೊಂದು ನವೆಂಬರ್ 20ಕ್ಕೆ. ಅಕ್ಟೋಬರಿನದು ಸಾಕಷ್ಟು ಅಗ್ಗ. ನಮಗೆ ಮುಖ್ಯವಾಗಿ ಕೆಂಪು ಎಲೆ ನೋಡಬೇಕು. ಯಾವುದನ್ನು ಆರಿಸಲಿ?

ದಿನಾಂಕಕ್ಕೂ ಮೊದಲು ಊರುಗಳ ಪಟ್ಟಿ ನೋಡಿ. ಜಪಾನಿನಲ್ಲಿ ಎಲೆಯ ಬಣ್ಣ ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದಿಂದ ಬಯಲಿಗೆ ಇಳಿದು ಬರುತ್ತದೆ. ಹೊಕ್ಕೈಡೊ ದ್ವೀಪದ ದೈಸೆತ್ಸುಜಾನ್ ಪರ್ವತಗಳಲ್ಲಿ ಸೆಪ್ಟೆಂಬರ್ ನಡುವಿನಲ್ಲೇ ಶುರುವಾಗುತ್ತದೆ. ಅದೇ ಬಣ್ಣ ಕ್ಯೋಟೊ ನಗರಕ್ಕೆ ಬಂದು ತುಂಬಿಕೊಳ್ಳುವಾಗ ನವೆಂಬರ್ ನಡು ದಾಟಿರುತ್ತದೆ, ಡಿಸೆಂಬರ್ ಮೊದಲ ವಾರದವರೆಗೂ ಉಳಿಯುತ್ತದೆ. ಅಕ್ಟೋಬರ್ 10ರ ಪ್ಯಾಕೇಜಿನಲ್ಲಿ ಇರುವುದು ಟೋಕಿಯೊ, ಕ್ಯೋಟೊ, ಒಸಾಕಾ ಮಾತ್ರ ಎಂದಾದರೆ ನೀವು ನೋಡುವುದು ಹಸಿರು ಮೇಪಲ್ ಮರಗಳನ್ನು. ಫೋಟೋದಲ್ಲಿ ತೋರಿಸಿದ ಕೆಂಪು ಹಿಂದಿನ ವರ್ಷದ ನವೆಂಬರಿನದು.

ಒಂದೇ ಊರಿನಲ್ಲೂ ಈ ವ್ಯತ್ಯಾಸ ಇದೆ. ಟೋಕಿಯೊದಿಂದ ಸುಮಾರು ಎರಡು ಗಂಟೆ ದೂರದ ನಿಕ್ಕೊವನ್ನೇ ತೆಗೆದುಕೊಳ್ಳಿ. ಮೇಲೆ 1,269 ಮೀಟರ್ ಎತ್ತರದಲ್ಲಿರುವ ಚುಜೆಂಜಿ ಸರೋವರದ ದಂಡೆ ಅಕ್ಟೋಬರ್ ಎರಡನೇ ಭಾಗದಲ್ಲಿ ಕೆಂಪಾಗಿರುತ್ತದೆ. ಕೆಳಗೆ ತೋಶೋಗು ದೇಗುಲದ ಸುತ್ತ ಬಣ್ಣ ಬರುವುದು ನವೆಂಬರ್ ಮೊದಲ ಭಾಗದಲ್ಲಿ. ಇವೆರಡನ್ನೂ ಕೂಡಿಸುವ ಇರೋಹಾಜಾಕಾ ರಸ್ತೆಗೆ 48 ತಿರುವುಗಳು. ಅಕ್ಟೋಬರಿನ ಶನಿವಾರ, ಭಾನುವಾರ ಅಲ್ಲಿ ಬಸ್ಸು ತೆವಳುತ್ತದೆ. ನಿಮ್ಮ ಪ್ಯಾಕೇಜ್‌ನಲ್ಲಿ ನಿಕ್ಕೊ ಇದ್ದರೆ ‘ಮೇಲೆಯೋ ಕೆಳಗೆಯೋ, ಯಾವ ವಾರ’ ಎಂದು ಕೇಳಿ. ತಡಬಡಾಯಿಸಿದರೆ ಆ ಪ್ಯಾಕೇಜ್ ಮಾಡಿದವರು ಆ ಕಾಲದಲ್ಲಿ ಅಲ್ಲಿಗೆ ಹೋದವರಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಆರಂಭದವರೆಗೆ ಟೈಫೂನ್ ಕಾಟ ಇರುತ್ತದೆ. ಅಕ್ಟೋಬರ್ ಅಗ್ಗವಾಗಿರುವುದಕ್ಕೆ ಅದೂ ಒಂದು ಕಾರಣ. ನವೆಂಬರ್ 3 ಮತ್ತು 23 ಅಲ್ಲಿ ಸಾರ್ವಜನಿಕ ರಜೆ. ಆ ದಿನಗಳಿಗೆ ವಾರಾಂತ್ಯ ತಾಗಿಕೊಂಡರೆ ಕ್ಯೋಟೊದಲ್ಲಿ ಎಲೆಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ನನ್ನನ್ನು ಕೇಳಿದರೆ, ನಿಮ್ಮ ಉದ್ದೇಶಕ್ಕೆ ನವೆಂಬರಿನದೇ ಸರಿ. 23ನ್ನು ಕ್ಯೋಟೊದ ಹೊರಗೆ ಕಳೆಯುವ ಹಾಗೆ ಮಾರ್ಗ ಇದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ‘ಸಣ್ಣ ಗುಂಪು’ ಎಂದರೆ ಎಷ್ಟು ಜನ? ಜಾಹೀರಾತಿನಲ್ಲಿ ಸಂಖ್ಯೆ ಇಲ್ಲ. ಫೋನ್ ಮಾಡಿದರೆ ‘ಇಪ್ಪತ್ತೈದರ ಒಳಗೇ ಇರ್ತೀವಿ ಸರ್’ ಎಂದರು.

ಇಪ್ಪತ್ತೈದು ಜನ ಸಣ್ಣ ಗುಂಪಲ್ಲ, ಬಸ್ಸು ಪೂರ್ತಿ ತುಂಬಿಲ್ಲ ಅಷ್ಟೆ. ಆ ಪದಕ್ಕೆ ಯಾವ ಕಾನೂನಿನ ಅಳತೆಯೂ ಇಲ್ಲ, ಯಾರು ಬೇಕಾದರೂ ಬಳಸಬಹುದು. ನನ್ನ ಲೆಕ್ಕ ಟ್ಯಾಕ್ಸಿಯದು. ಜಪಾನಿನ ಮಾಮೂಲಿ ಟ್ಯಾಕ್ಸಿಯಲ್ಲಿ ನಾಲ್ವರು ಕೂರಬಹುದು. ಹನ್ನೆರಡು ಜನರಿದ್ದರೆ ಮೂರು ಟ್ಯಾಕ್ಸಿ. ಮಳೆ ಬಂದರೆ ಕೈ ಬೀಸಿ ನಿಲ್ಲಿಸಿ ಹೊರಟುಬಿಡಬಹುದು. ಹದಿನಾರರವರೆಗೆ ಹೇಗೋ ನಿಭಾಯಿಸಬಹುದು. ಅದಕ್ಕಿಂತ ಮೇಲಾದರೆ ಬಸ್ಸು ಹೋದಲ್ಲಿಗೆ ನೀವು ಹೋಗಬೇಕು, ಬಸ್ಸು ನಿಲ್ಲುವಲ್ಲಿ ಇಳಿಯಬೇಕು. ಎಲ್ಲರ ಕಿವಿಗೂ ಇಯರ್‌ಫೋನ್ ಕೊಟ್ಟು ಗೈಡ್ ಮೈಕಿನಲ್ಲಿ ಮಾತಾಡುತ್ತಾರೆ ಎಂದು ಪ್ಯಾಕೇಜಿನಲ್ಲಿ ಹೆಮ್ಮೆಯಿಂದ ಬರೆದಿದ್ದರೆ ಅದೇ ಸುಳಿವು. ಹತ್ತು ಜನರಿಗೆ ಮೈಕು ಯಾಕೆ ಬೇಕು?

ಇಷ್ಟಾದರೂ ತಲೆಗಳ ಲೆಕ್ಕಕ್ಕಿಂತ ಗಂಟೆಗಳ ಲೆಕ್ಕ ಮುಖ್ಯ ಎನ್ನುವವನು ನಾನು. ಕಳೆದ ತಿಂಗಳು ಒಬ್ಬರು ತೋರಿಸಿದ ಕಾಗದದಲ್ಲಿ ಹೀಗಿತ್ತು: ‘ಐದನೇ ದಿನ: ತಿಂಡಿಯ ನಂತರ ಕಿಂಕಾಕುಜಿ, ಅರಾಶಿಯಾಮಾ, ಕಿಯೊಮಿಜು-ದೆರಾ, ಫುಶಿಮಿ ಇನಾರಿ.’ ನಾಲ್ಕೂ ಕ್ಯೋಟೊದ ಹೆಸರಾಂತ ಜಾಗಗಳು: ಅರಾಶಿಯಾಮಾ ಬೆಟ್ಟದ ತಪ್ಪಲಿನ ಬಡಾವಣೆ, ಉಳಿದ ಮೂರು ದೇಗುಲಗಳು. ಪೆನ್ಸಿಲ್ ಹಿಡಿದು ಕೂತೆವು. ನವೆಂಬರ್ ಕೊನೆಯಲ್ಲಿ ಕ್ಯೋಟೊದಲ್ಲಿ ಸೂರ್ಯ ಮುಳುಗುವುದು ಸಂಜೆ 4.45ರ ಸುಮಾರಿಗೆ. ಕಿಂಕಾಕುಜಿಯ ಬಾಗಿಲು ತೆರೆಯುವುದು 9ಕ್ಕೆ. ಅಂದರೆ ಕೈಯಲ್ಲಿರುವುದು ಏಳೂಮುಕ್ಕಾಲು ಗಂಟೆ. ಕಿಂಕಾಕುಜಿ ವಾಯುವ್ಯದಲ್ಲಿ, ಅರಾಶಿಯಾಮಾ ಪಶ್ಚಿಮದ ತುದಿಯಲ್ಲಿ, ಕಿಯೊಮಿಜು ಪೂರ್ವದ ಗುಡ್ಡದ ಮೇಲೆ, ಇನಾರಿ ಆಗ್ನೇಯದಲ್ಲಿ. ಊರಿನ ನಾಲ್ಕೂ ಮೂಲೆ! ಎಲೆ ಸೀಸನ್ನಿನ ಟ್ರಾಫಿಕ್‌ಗೆ ಮೂರು ಗಂಟೆ ಕಳೆಯಿರಿ. ಊಟಕ್ಕೆ ಒಂದು ಗಂಟೆ. ಗುಂಪು ಶೌಚಾಲಯಕ್ಕೆ ಹೋಗಿ ಬರಲು, ಕಾಣೆಯಾದವರನ್ನು ಹುಡುಕಲು ಇನ್ನೊಂದು. ಉಳಿದದ್ದು ಮೂರು ಗಂಟೆಗೆ ಚೂರು ಕಡಿಮೆ, ನಾಲ್ಕು ಜಾಗಕ್ಕೆ. ಒಂದೊಂದಕ್ಕೆ ನಲವತ್ತು ನಿಮಿಷ ದಾಟುವುದೇ ಕಷ್ಟ, ಅದರಲ್ಲೂ ಅರ್ಧ ಹತ್ತುವುದಕ್ಕೆ, ಇಳಿಯುವುದಕ್ಕೆ.

ಹನ್ನೆರಡು ಜನರ ಗುಂಪಾದರೆ ಅದೇ ದಿನವನ್ನು ಬೇರೆ ಥರ ಜೋಡಿಸಬಹುದು. ಕಿಯೊಮಿಜು-ದೆರಾ ಬೆಳಗ್ಗೆ 6ಕ್ಕೇ ತೆರೆಯುತ್ತದೆ. ಆ ಕಾಲದಲ್ಲಿ ಸೂರ್ಯೋದಯ 6.40ರ ಸುಮಾರಿಗೆ. ಅಂಗಡಿಗಳು ಬಾಗಿಲು ಹಾಕಿಕೊಂಡಿರುವ ಏರುಬೀದಿಯಲ್ಲಿ ನಡೆದು, ಮರದ ಜಗಲಿಯ ಮೇಲೆ ನಿಂತು, ಕೆಳಗಿನ ಕಣಿವೆಯ ಕೆಂಪಿಗೆ ಬೆಳಕು ತಾಗುವುದನ್ನು ನೋಡಿ, ಎಂಟಕ್ಕೆ ಹೋಟೆಲಿಗೆ ತಿಂಡಿಗೆ ವಾಪಸ್. ಫುಶಿಮಿ ಇನಾರಿಗೆ ಬಾಗಿಲೇ ಇಲ್ಲ, ದಿನದ 24 ಗಂಟೆಯೂ ತೆರೆದಿರುತ್ತದೆ, ಟಿಕೆಟ್ಟೂ ಇಲ್ಲ. ಅದನ್ನು ಕತ್ತಲಾದ ಮೇಲೆ ಇಟ್ಟುಕೊಳ್ಳಿ. ಹಗಲು ಉಳಿಯಿತು. ಸಣ್ಣ ಗುಂಪಿಗೆ ನೀವು ಹೆಚ್ಚು ದುಡ್ಡು ಕೊಡುವುದೇ ಇದಕ್ಕೆ. ಇದನ್ನು ಮಾಡದ ಸಂಸ್ಥೆಗೆ ಆ ದುಡ್ಡು ದಂಡ.

ಪ್ರಶ್ನೆ: ಟೂರ್ ಲೀಡರ್, ಗೈಡ್ ಇಬ್ಬರೂ ಒಬ್ಬರೇ ಆಗಿದ್ದರೆ ತೊಂದರೆಯೇ?

ತೊಂದರೆಯೇನಿಲ್ಲ, ಅವರಿಗೆ ಜಪಾನೀ ಭಾಷೆ ಬಂದರೆ. ಮೊದಲು ಅಲ್ಲಿ ಹಣ ಪಡೆದು ವಿದೇಶಿ ಭಾಷೆಯಲ್ಲಿ ಗೈಡ್ ಕೆಲಸ ಮಾಡಲು ಸರ್ಕಾರಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕಿತ್ತು. 2018ರ ಜನವರಿಯಿಂದ ಆ ಕಡ್ಡಾಯ ಹೋಗಿದೆ. ಪರವಾನಗಿ ಇರುವವರು ಈಗಲೂ ಇದ್ದಾರೆ, ಒಳ್ಳೆಯವರೂ ಹೌದು. ಕ್ಯೋಟೊ ದಿನಗಳಿಗಾದರೂ ಅಂಥ ಸ್ಥಳೀಯ ಗೈಡ್ ಇದ್ದಾರೆಯೇ ಎಂದು ಕೇಳಿ.

ಪ್ರಶ್ನೆ: ಇಬ್ಬರಿಗೆ ಎರಡು ದೊಡ್ಡ ಸೂಟ್‌ಕೇಸ್ ಆಗುತ್ತವೆ. ಬುಲೆಟ್ ರೈಲಿನಲ್ಲಿ ಒಯ್ಯಬಹುದೇ?

ಒಯ್ಯಬಹುದು, ಆದರೆ ಬೇಡ. ಟೋಕಿಯೊ–ಕ್ಯೋಟೊ ಮಾರ್ಗದ ಶಿಂಕಾನ್ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದ ಲಗೇಜಿಗೆ ಅದಕ್ಕೆಂದೇ ಇರುವ ಸೀಟನ್ನು ಮುಂಚೆಯೇ ಕಾದಿರಿಸಬೇಕು. 2020ರ ಮೇ ತಿಂಗಳಿಂದ ಈ ನಿಯಮ ಇದೆ. ಕಾದಿರಿಸದೆ ತಂದರೆ 1,000 ಯೆನ್ ದಂಡ. 250 ಸೆಂ.ಮೀ. ದಾಟಿದರೆ ಹತ್ತಿಸುವಂತೆಯೇ ಇಲ್ಲ.

ದಂಡದ ಮಾತು ಬಿಡಿ, ಇಳಿಯುವುದೇ ದೊಡ್ಡ ಪಾಡು. ರೈಲು ಕ್ಯೋಟೊದಲ್ಲಿ ನಿಲ್ಲುವುದು ಒಂದೆರಡು ನಿಮಿಷ. ನನ್ನ ಶುರುವಿನ ವರ್ಷಗಳಲ್ಲಿ ಹದಿನಾಲ್ಕು ಜನರನ್ನು, ಇಪ್ಪತ್ತೊಂದು ಪೆಟ್ಟಿಗೆಗಳನ್ನು ಒಂದೇ ಬಾಗಿಲಿಂದ ಇಳಿಸಲು ಹೋಗಿದ್ದೆ. ಹದಿಮೂರು ಜನ ಇಳಿದರು. ಹದಿನಾಲ್ಕನೆಯವರು ಒಳಗೆ ತಮ್ಮ ಪೆಟ್ಟಿಗೆಯ ಹಿಡಿ ಎಳೆಯುತ್ತಿದ್ದರು, ಬಾಗಿಲು ಮುಚ್ಚಿತು. ಗಾಜಿನಾಚೆಯಿಂದ ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಮುಂದಿನ ನಿಲ್ದಾಣ ಶಿನ್-ಒಸಾಕಾ, ಹದಿನೈದು ನಿಮಿಷದ ದಾರಿ, ಕರೆದುಕೊಂಡು ಬಂದೆವು. ಅಂದಿನಿಂದ ದೊಡ್ಡ ಪೆಟ್ಟಿಗೆಗಳನ್ನು ರೈಲಿಗೆ ಹತ್ತಿಸಿಲ್ಲ.

ಹಾಗಾದರೆ ಏನು ಮಾಡುವುದು? ‘ತಕುಹೈಬಿನ್’ ಎಂಬ ಪಾರ್ಸೆಲ್ ವ್ಯವಸ್ಥೆ ಇದೆ. ಟೋಕಿಯೊದ ಹೋಟೆಲ್ ಕೌಂಟರಿನಲ್ಲಿ ಬೆಳಗ್ಗೆ ಪೆಟ್ಟಿಗೆ ಒಪ್ಪಿಸಿದರೆ ಸಾಮಾನ್ಯವಾಗಿ ಮರುದಿನ ಕ್ಯೋಟೊದ ಹೋಟೆಲಿನಲ್ಲಿ ಇರುತ್ತದೆ. ಒಂದು ರಾತ್ರಿಗೆ ಬೇಕಾದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಬೆನ್ನಿನ ಚೀಲದಲ್ಲಿರಲಿ. ಒಳ್ಳೆಯ ಸಂಸ್ಥೆಗಳು ಇದರ ಖರ್ಚನ್ನು ಪ್ಯಾಕೇಜಿನಲ್ಲೇ ಸೇರಿಸಿರುತ್ತವೆ.

ಪ್ರಶ್ನೆ: ನನಗೆ 62 ವರ್ಷ, ಒಬ್ಬಳೇ ಬರುವವಳು. ಒಂಟಿ ಕೋಣೆಗೆ ಹೆಚ್ಚುವರಿ ಹಣ ಕೇಳುತ್ತಾರೆ. ಅಪರಿಚಿತರ ಜೊತೆ ಕೋಣೆ ಹಂಚಿಕೊಳ್ಳಲೇ? ಮಂಡಿ ನೋವು ಬೇರೆ ಇದೆ.

ಹಂಚಿಕೊಳ್ಳಬೇಡಿ ಮೇಡಂ. ಜಪಾನಿನ ನಗರದ ಹೋಟೆಲ್ ಕೋಣೆಗಳು ಎಷ್ಟು ಇಕ್ಕಟ್ಟೆಂದರೆ, ಇಬ್ಬರ ಪೆಟ್ಟಿಗೆ ನೆಲದ ಮೇಲೆ ಬಿಚ್ಚಿಟ್ಟರೆ ಬಚ್ಚಲಿಗೆ ಹೋಗಲು ದಾರಿ ಉಳಿಯುವುದಿಲ್ಲ. ಹತ್ತು ದಿನದ ಗುರುತಿಲ್ಲದ ಗೊರಕೆ ಬೇರೆ. ಆದರೆ ಒಂದು ಚೌಕಾಸಿ ಮಾಡಬಹುದು: ನಗರದ ಹೋಟೆಲುಗಳಲ್ಲಿ ಒಂಟಿ ಕೋಣೆ, ರಿಯೋಕಾನ್‌ನ ಒಂದೆರಡು ರಾತ್ರಿ ಮಾತ್ರ ಹಂಚಿಕೆ. ರಿಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಬಾಡಿಗೆ ಕೋಣೆಗಲ್ಲ, ತಲೆಗೆ. ಸೀಸನ್‌ನಲ್ಲಿ ಒಬ್ಬರಿಗೇ ಕೋಣೆ ಕೊಡಲು ಅವರು ಹಿಂಜರಿಯುತ್ತಾರೆ.

ಮಂಡಿಯ ವಿಷಯ ಬುಕ್ ಮಾಡುವಾಗಲೇ ಹೇಳಿ. ‘ಸ್ವಲ್ಪ ನಡಿಗೆ ಇದೆ’ ಎಂಬ ಉತ್ತರಕ್ಕೆ ಒಪ್ಪಬೇಡಿ. ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಮೆಟ್ಟಿಲು, ನಾನು ಕೆಳಗೇ ಕೂತಿರುವುದಾದರೆ ಜೊತೆಗೆ ಯಾರಿರುತ್ತಾರೆ, ಇಷ್ಟನ್ನು ಕೇಳಿ. ರಿಯೋಕಾನ್‌ನಲ್ಲಿ ಮಲಗುವುದು ಚಾಪೆಯಂಥ ತತಾಮಿ ನೆಲದ ಮೇಲೆ ಹಾಸಿದ ಹಾಸಿಗೆಯಲ್ಲಿ. ಮಲಗುವುದು ಸುಲಭ, ಬೆಳಗ್ಗೆ ಏಳುವುದು ನಿಮ್ಮ ಮಂಡಿಗೆ ಬಿಟ್ಟದ್ದು. ಮಂಚ ಇರುವ ಕೋಣೆ, ಊಟಕ್ಕೆ ಕುರ್ಚಿ ಬೇಕೆಂದು ಮುಂಚೆ ತಿಳಿಸಿದರೆ ಬಹಳ ಕಡೆ ವ್ಯವಸ್ಥೆ ಮಾಡುತ್ತಾರೆ. ದೇವಸ್ಥಾನಗಳಲ್ಲಿ ಮತ್ತೆ ಮತ್ತೆ ಬೂಟು ಬಿಚ್ಚಬೇಕು. ಲೇಸ್ ಇಲ್ಲದ ಬೂಟು, ದಪ್ಪ ಕಾಲುಚೀಲ ತನ್ನಿ. ಮರದ ನೆಲ ನವೆಂಬರಿನಲ್ಲಿ ಮಂಜುಗಡ್ಡೆಯ ಹಾಗಿರುತ್ತದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ‘ವೆಜ್ ಊಟ ಸಿಗುತ್ತದೆ’ ಎಂದು ಸಂಸ್ಥೆಯವರು ಹೇಳಿದ್ದಾರೆ. ನಂಬಬಹುದೇ?

ಸಾರಿನ ಬಗ್ಗೆ ಕೇಳಿ ನೋಡಿ, ಗೊತ್ತಾಗುತ್ತದೆ. ಜಪಾನೀ ಅಡುಗೆಯ ಬುನಾದಿ ‘ದಾಶಿ’ ಎಂಬ ಸಾರು. ಅದಕ್ಕೆ ಸಾಮಾನ್ಯವಾಗಿ ಒಣಗಿಸಿ ಹೆರೆದ ಮೀನು ಹಾಕುತ್ತಾರೆ. ತರಕಾರಿ ಬೇಯಿಸುವುದು, ಮಿಸೊ ಸೂಪ್ ಮಾಡುವುದು, ನೂಡಲ್ಸ್‌ಗೆ ಸುರಿಯುವುದು ಎಲ್ಲ ಅದರಲ್ಲೇ. ತಟ್ಟೆಯಲ್ಲಿ ಮೀನಿನ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಎಂದು ಪ್ರಾಮಾಣಿಕವಾಗಿಯೇ ನಂಬುವ ಅಡುಗೆಯವರು ಬಹಳ. ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’ ಊಟದಲ್ಲಿ ಸಾರನ್ನು ಕಡಲಪಾಚಿ, ಒಣ ಅಣಬೆಯಿಂದ ಮಾಡುತ್ತಾರೆ. ಕ್ಯೋಟೊದಲ್ಲೂ ಕೋಯಾ ಬೆಟ್ಟದ ಮಠಗಳಲ್ಲೂ ಇದು ಸಿಗುತ್ತದೆ, ಮುಂಗಡ ಹೇಳಿರಬೇಕು. ‘ಮಾಂಸ, ಮೀನು, ಮೀನಿನ ಸಾರು ಬೇಡ’ ಎಂದು ಜಪಾನೀ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ.

ಪ್ರಶ್ನೆ: ಶೀತ, ನೆಗಡಿಯ ಮಾತ್ರೆಗಳನ್ನು ಒಯ್ಯಬಹುದೇ?

ಪೊಟ್ಟಣದ ಹಿಂಭಾಗ ಓದಿ. ಸ್ಯೂಡೊಎಫೆಡ್ರಿನ್ 10 ಶೇಕಡಾಕ್ಕಿಂತ ಹೆಚ್ಚಿರುವ ಔಷಧಿ ಜಪಾನಿಗೆ ತರುವಂತಿಲ್ಲ. ಕೆಲವು ನೆಗಡಿ ಮಾತ್ರೆಗಳು ಇದರಲ್ಲೇ ಸಿಕ್ಕಿಬೀಳುತ್ತವೆ. ವೈದ್ಯರು ಬರೆದುಕೊಟ್ಟ ಸಾಮಾನ್ಯ ಔಷಧಿಗಳನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಹೆಚ್ಚಾದರೆ ಮುಂಚೆಯೇ ಅಲ್ಲಿನ ಆರೋಗ್ಯ ಸಚಿವಾಲಯದಿಂದ ಪ್ರಮಾಣಪತ್ರ ಪಡೆಯಬೇಕು.

ಪ್ರಶ್ನೆ: ಮುಂಗಡ ಕೊಟ್ಟಾಯಿತು. ಈಗ ‘ಎಂಟು ಜನ ಆಗದಿದ್ದರೆ ಟೂರ್ ರದ್ದು’ ಎನ್ನುತ್ತಿದ್ದಾರೆ. ವಿಮಾನದ ಟಿಕೆಟ್ ಅಗ್ಗ ಇರುವಾಗಲೇ ಮಾಡಿಸಿಬಿಡಲೇ?

ತಡೆಯಿರಿ. ಸಣ್ಣ ಗುಂಪಿನ ದೊಡ್ಡ ದೌರ್ಬಲ್ಯ ಇದೇ, ಇಬ್ಬರು ಹಿಂದೆ ಸರಿದರೂ ಲೆಕ್ಕ ತಪ್ಪುತ್ತದೆ. ‘ಹೊರಡುವುದು ಖಚಿತ’ ಎಂದು ಲಿಖಿತವಾಗಿ ಬರುವವರೆಗೆ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ಖಚಿತಪಡಿಸುವ ಕೊನೆಯ ದಿನಾಂಕ ಯಾವುದು, ರದ್ದಾದರೆ ಪೂರ್ತಿ ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. ವಿಮೆಯ ಕಾಗದದಲ್ಲಿ ‘ಸಂಸ್ಥೆಯೇ ರದ್ದು ಮಾಡಿದರೆ’ ಎಂಬ ಸಾಲು ಹುಡುಕಿ. ಬಹಳಷ್ಟು ಪಾಲಿಸಿಗಳಲ್ಲಿ ನಿಮ್ಮ ಕಾಯಿಲೆಗೆ ರಕ್ಷಣೆ ಇರುತ್ತದೆ, ಅವರ ಲೆಕ್ಕಾಚಾರಕ್ಕೆ ಇರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಹೋದಾಗ ಎಲೆಗೆ ಬಣ್ಣವೇ ಬಂದಿರದಿದ್ದರೆ?

ಆಗುತ್ತದೆ. ಹಗಲು ಬಿಸಿಲು, ರಾತ್ರಿ 8 ಡಿಗ್ರಿಗಿಂತ ಕೆಳಗಿನ ಚಳಿ, ಇವೆರಡೂ ಕೂಡಿದರೆ ಎಲೆಯ ಹಸಿರು ಕರಗಿ ಕೆಂಪು ಚೆನ್ನಾಗಿ ಏರುತ್ತದೆ. ಶರತ್ಕಾಲ ಬೆಚ್ಚಗಾಗುತ್ತಿರುವುದರಿಂದ ದಶಕಗಳಿಂದ ಬಣ್ಣ ತಡವಾಗುತ್ತಾ ಬಂದಿದೆ. ಅದಕ್ಕೆ ಯಾರೂ ಹಣ ವಾಪಸ್ ಕೊಡುವುದಿಲ್ಲ.

ಆದರೆ ಗೈಡ್ ಕೈಯಲ್ಲಿ ಒಂದು ಉಪಾಯ ಇರುತ್ತದೆ. ಕ್ಯೋಟೊ ನಗರ ಇನ್ನೂ ಹಸಿರಾಗಿದ್ದರೆ ವಾಯುವ್ಯದ ಬೆಟ್ಟಗಳಲ್ಲಿರುವ ತಕಾವೊಗೆ, ಜಿಂಗೊ-ಜಿ ದೇವಾಲಯದ ಕಡೆಗೆ ಹತ್ತಬಹುದು. ಅಲ್ಲಿ ಬಣ್ಣ ಬೇಗ ಬರುತ್ತದೆ. (ಮಂಡಿ ನೋವಿನ ಮೇಡಂ, ನೀವು ಬೇಡ, ಅಲ್ಲಿ ಮೆಟ್ಟಿಲುಗಳೇ ನಾನೂರರ ಹತ್ತಿರ ಇವೆ.) ತಡವಾಗಿ ಹೋಗಿ ಎಲೆ ಉದುರಿದ್ದರೆ ಶಿಮೊಗಾಮೊ ದೇಗುಲದ ಹಳೆಯ ಕಾಡು ‘ತದಾಸು ನೊ ಮೊರಿ’ ಇದೆ, ಡಿಸೆಂಬರ್ ಆರಂಭದಲ್ಲೂ ಅಲ್ಲಿ ಬಣ್ಣ ಉಳಿದಿರುತ್ತದೆ. ಹಿಂದಿನ ಸಂಜೆ ನಿರ್ಧರಿಸಿ ಮರುದಿನ ಬೆಳಗ್ಗೆ ಮಾರ್ಗ ಬದಲಿಸುವ ಅಧಿಕಾರ ನಿಮ್ಮ ಗೈಡ್‌ಗೆ ಇದೆಯೇ? ಬುಕ್ ಮಾಡುವ ಮುನ್ನ ಫೋನಿನಲ್ಲಿ ಇದನ್ನೂ ಕೇಳಿಬಿಡಿ.